ದಿನ ತುಂಬುವ ಮುನ್ನ: ಹಾರ್ಮೋನಿನ ಗಡಿಯಾರವೂ ನಮ್ಮ ಕರ್ತವ್ಯವೂ

(ಶತಮಾನೋತ್ಸವದ ಅಂಗವಾಗಿ ಮಾತೆಯರ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪಾಠ)



ಶತಮಾನೋತ್ಸವದ ಈ ದಿನಗಳಲ್ಲಿ ನಮ್ಮ ದೇವಾಲಯದ ಚರಿತ್ರೆಯನ್ನು ಹೇಳಬಲ್ಲ ಹಿರಿಯರು ಅನೇಕರಿದ್ದಾರೆ. ಮಾತೆಯರ ಕೂಟದವರು ಮಾತ್ರ ನಮ್ಮ ಮುಂದೆ ಬೇರೊಂದು ಪ್ರಶ್ನೆಯನ್ನಿಟ್ಟಿದ್ದಾರೆ. ದಿನ ತುಂಬುವ ಮೊದಲೇ ಆಗಿಬಿಡುವ ಹೆರಿಗೆಯನ್ನು ಗರ್ಭಿಣಿಯ ದೇಹದ ಹಾರ್ಮೋನುಗಳನ್ನು ಅಳೆದು ಮುಂಚಿತವಾಗಿ ಹೇಳಲು ಸಾಧ್ಯವೇ ಎಂಬುದು ಆ ಪ್ರಶ್ನೆ. ನಾವು ವೈದ್ಯರಲ್ಲ. ಆದರೂ ಓದಿ ತಿಳಿದುದನ್ನು, ಬಲ್ಲವರನ್ನು ಕೇಳಿ ಖಚಿತಪಡಿಸಿಕೊಂಡುದನ್ನು ತಮ್ಮ ಮುಂದಿಡಲು ಯತ್ನಿಸುತ್ತೇವೆ.

ದೇವಾಲಯದ ಹಬ್ಬಕ್ಕೂ ಈ ವಿಷಯಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವಿದೆ. ನಮ್ಮ ಧರ್ಮಕೇಂದ್ರದ ಹಳೆಯ ಜ್ಞಾನಸ್ನಾನದ ಪುಸ್ತಕವನ್ನೂ ಮರಣದ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ, ಒಂದೇ ಹೆಸರು ಕೆಲವೇ ದಿನಗಳ ಅಂತರದಲ್ಲಿ ಎರಡರಲ್ಲಿಯೂ ಕಾಣಸಿಗುತ್ತದೆ. ಕೆಲವು ಕಡೆ ‘ಮನೆಯಲ್ಲಿ ಸೂಲಗಿತ್ತಿಯಿಂದ ತುರ್ತು ಜ್ಞಾನಸ್ನಾನ’ ಎಂದು ಬರೆದಿದೆ. ಅಂಥ ಒಂದೊಂದು ಸಾಲಿನ ಹಿಂದೆಯೂ ಒಬ್ಬ ತಾಯಿ ಇದ್ದಾಳೆ. ‘ನಾನು ಏನು ತಪ್ಪು ಮಾಡಿದೆ?’ ಎಂದು ಅವಳು ತನ್ನನ್ನು ತಾನೇ ಕೇಳಿಕೊಂಡಿರಬೇಕು; ಅವಳ ಮನೆಯವರೂ ಕೇಳಿರಬೇಕು. ಇಂದಿನ ನಮ್ಮ ಮಾತು ಮುಖ್ಯವಾಗಿ ಆ ಪ್ರಶ್ನೆಗಾಗಿಯೇ ಆಗಿದೆ.

ಮೊದಲು ಲೆಕ್ಕವನ್ನು ತಿಳಿಯೋಣ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಬಸಿರಿನ ಅವಧಿ ಸುಮಾರು 280 ದಿನಗಳು, ಅಂದರೆ 40 ವಾರಗಳು. 37 ವಾರಗಳು ತುಂಬುವ ಮೊದಲೇ ಆಗುವ ಜನನವನ್ನು ಅವಧಿಪೂರ್ವ ಜನನವೆನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದ ಶಿಶುಗಳು 1 ಕೋಟಿ 34 ಲಕ್ಷ. ಎಂದರೆ ಹತ್ತು ಶಿಶುಗಳಲ್ಲಿ ಒಂದಕ್ಕಿಂತ ಹೆಚ್ಚು. ಆ ವರ್ಷ ನಮ್ಮ ಭಾರತವೊಂದರಲ್ಲಿಯೇ ಸುಮಾರು 30 ಲಕ್ಷ ಶಿಶುಗಳು ದಿನ ತುಂಬುವ ಮುನ್ನ ಜನಿಸಿದವು. ಇದು ಯಾವುದೋ ಒಂದು ಮನೆತನಕ್ಕೆ ತಟ್ಟಿದ ಶಾಪವಲ್ಲ. ಎಲ್ಲ ದೇಶಗಳ, ಎಲ್ಲ ವರ್ಗಗಳ ಮನೆಗಳಲ್ಲಿಯೂ ನಡೆಯುತ್ತಿರುವ ಸಂಗತಿ.

ಇಲ್ಲಿಯೇ ಒಂದು ಹಳೆಯ ನಂಬಿಕೆಯನ್ನು ತಿದ್ದಬೇಕಾಗಿದೆ. ಏಳು ತಿಂಗಳಿಗೆ ಹುಟ್ಟಿದ ಮಗು ಬದುಕುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಬದುಕುವುದಿಲ್ಲ ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಈಗಲೂ ಕೇಳುತ್ತೇವೆ. ಪ್ರಾಚೀನ ಗ್ರೀಸ್ ದೇಶದಲ್ಲಿ ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ಬಂದಿರುವ ವೈದ್ಯಗ್ರಂಥಗಳಲ್ಲಿಯೂ ಎಂಟು ತಿಂಗಳ ಶಿಶುವನ್ನು ಕುರಿತ ಇಂಥದೇ ವಿಚಾರವಿದೆ. ನಂಬಿಕೆ ಎಷ್ಟೇ ಪುರಾತನವಾಗಿದ್ದರೂ ಅದು ನಿಜವಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿನ ಬಲವನ್ನು ಹೆಚ್ಚಿಸುತ್ತದೆ. ಎಂಟು ತಿಂಗಳ ಮಗುವಿನ ಬಗ್ಗೆ ಆಸೆ ಬಿಟ್ಟು, ಆಸ್ಪತ್ರೆಗೆ ಒಯ್ಯಲು ಹಿಂಜರಿಯುವುದು ದೊಡ್ಡ ಅನ್ಯಾಯ.

ಇನ್ನು ಹಾರ್ಮೋನಿನ ವಿಷಯಕ್ಕೆ ಬರೋಣ. ಈ ಹೆಸರನ್ನು 1905ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್. ಚೋದಿಸು, ಎಬ್ಬಿಸು ಎಂಬ ಅರ್ಥದ ಗ್ರೀಕ್ ಪದವೇ ಅದರ ಮೂಲ. ದೇಹದ ಒಂದೆಡೆ ಹುಟ್ಟಿ, ರಕ್ತದೊಡನೆ ಸಂಚರಿಸಿ, ಮತ್ತೊಂದು ಅಂಗಕ್ಕೆ ಅಪ್ಪಣೆಯನ್ನು ಮುಟ್ಟಿಸುವ ದೂತನೆಂದು ಹಾರ್ಮೋನನ್ನು ತಿಳಿಯಬಹುದು. ಬಸಿರನ್ನು ಕಾಯುವ ಮುಖ್ಯ ಹಾರ್ಮೋನಿನ ಹೆಸರು ಪ್ರೊಜೆಸ್ಟೆರೋನ್. ಅಮೆರಿಕದ ರೋಚೆಸ್ಟರಿನಲ್ಲಿ ಜಾರ್ಜ್ ಕಾರ್ನರ್ ಮತ್ತು ವಿಲಾರ್ಡ್ ಆ್ಯಲೆನ್ ಎಂಬವರು 1929ರಲ್ಲಿ ಅಂಡಾಶಯದ ಹಳದಿ ಪಿಂಡದ ಸತ್ತ್ವದಿಂದ ಮೊಲಗಳ ಬಸಿರನ್ನು ಉಳಿಸಿ ತೋರಿಸಿದರು. 1934ರಲ್ಲಿ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಲಾಯಿತು. ಬಸಿರಿನ ಮೊದಲ ವಾರಗಳಲ್ಲಿ ಅಂಡಾಶಯವೂ ಅನಂತರ ಮಾಸು, ಅಂದರೆ ಜರಾಯುವೂ ಈ ಹಾರ್ಮೋನನ್ನು ಒದಗಿಸುತ್ತವೆ. ಗರ್ಭಕೋಶದ ಸ್ನಾಯು ಬಿಗಿದು ಕುಗ್ಗದಂತೆ ಅದನ್ನು ಶಾಂತವಾಗಿರಿಸುವುದು ಇದರ ಕೆಲಸ.

ಹಾಗಿದ್ದರೆ ಈ ಕಾವಲುಗಾರ ಹಿಂದೆ ಸರಿದಾಗ ಹೆರಿಗೆ ಆರಂಭವಾಗಬೇಕಲ್ಲವೇ? 1950ರ ದಶಕದಲ್ಲಿ ಹಂಗೇರಿ ಮೂಲದ ಅರ್ಪಾಡ್ ಚಾಪೊ ಎಂಬ ವಿಜ್ಞಾನಿ ಹೀಗೆಯೇ ಯೋಚಿಸಿದರು. ಕುರಿ ಮೊದಲಾದ ಪ್ರಾಣಿಗಳಲ್ಲಿ ಅದು ನಿಜವೂ ಹೌದು. ಈಯುವ ಮುನ್ನ ತಾಯಿಕುರಿಯ ರಕ್ತದಲ್ಲಿ ಪ್ರೊಜೆಸ್ಟೆರೋನ್ ಇಳಿದುಹೋಗುತ್ತದೆ. ಮನುಷ್ಯರಲ್ಲಿ ಹಾಗಾಗುವುದಿಲ್ಲ. ಮಾಸು ಹೊರಬೀಳುವವರೆಗೂ ತಾಯಿಯ ರಕ್ತದಲ್ಲಿ ಈ ಹಾರ್ಮೋನಿನ ಪ್ರಮಾಣ ಮೇಲ್ಮಟ್ಟದಲ್ಲಿಯೇ ಇರುತ್ತದೆ. ಕಾವಲುಗಾರ ಬಾಗಿಲಲ್ಲಿಯೇ ನಿಂತಿದ್ದಾನೆ, ಆದರೆ ಅವನ ಮಾತನ್ನು ಕೇಳುವ ಶಕ್ತಿಯನ್ನು ಗರ್ಭಕೋಶವೇ ಕಳೆದುಕೊಳ್ಳುತ್ತದೆ ಎಂದು ವಿಜ್ಞಾನಿಗಳು ಈಗ ವಿವರಿಸುತ್ತಾರೆ. ಆದುದರಿಂದ ರಕ್ತದಲ್ಲಿನ ಪ್ರೊಜೆಸ್ಟೆರೋನನ್ನು ಅಳೆದು ಹೆರಿಗೆಯ ದಿನವನ್ನು ತಿಳಿಯುವ ಆಸೆ ಆರಂಭದಲ್ಲಿಯೇ ಎಡವಿತು.

ಹುಡುಕಿದ್ದು ಒಂದು, ಸಿಕ್ಕಿದ್ದು ಮತ್ತೊಂದು ಎಂಬಂತಹ ಘಟನೆ ಇದೇ ಅನ್ವೇಷಣೆಯ ನಡುವೆ ನಡೆಯಿತು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಪ್ರಸೂತಿ ವೈದ್ಯರಾದ ಗ್ರಹಾಂ ಲಿಗ್ಗಿನ್ಸ್ 1960ರ ದಶಕದಲ್ಲಿ, ಹೆರಿಗೆಗೆ ಮುಹೂರ್ತವಿಡುವವರು ಯಾರು ಎಂಬುದನ್ನು ಕುರಿಗಳಲ್ಲಿ ಶೋಧಿಸುತ್ತಿದ್ದರು. ಗರ್ಭದಲ್ಲಿನ ಮರಿಯ ಅಡ್ರೀನಲ್ ಗ್ರಂಥಿಯಿಂದ ಬರುವ ಕಾರ್ಟಿಸಾಲ್ ಎಂಬ ಹಾರ್ಮೋನೇ ಹೆರಿಗೆಯನ್ನು ಆರಂಭಿಸುತ್ತದೆಂದು ಅವರು ಕಂಡುಕೊಂಡರು. ಆ ಹಾರ್ಮೋನನ್ನು ಪಡೆದು ಬಹಳ ಮೊದಲೇ ಹುಟ್ಟಿದ ಮರಿಯೊಂದು ಸಾಯಬೇಕಾಗಿದ್ದರೂ ಉಸಿರಾಡುತ್ತಿತ್ತು. ಪರೀಕ್ಷಿಸಿದಾಗ ಅದರ ಶ್ವಾಸಕೋಶಗಳು ಗಾಳಿ ತುಂಬಿಕೊಂಡು ಅರಳಿದ್ದವು. ಲಿಗ್ಗಿನ್ಸರು ಶಿಶುವೈದ್ಯ ರಾಸ್ ಹೋವೀ ಅವರೊಡನೆ ಸೇರಿ, ಅವಧಿಗೆ ಮುನ್ನ ಹೆರುವ ಸಂಭವವಿದ್ದ 282 ತಾಯಂದಿರಲ್ಲಿ ಇದೇ ಜಾತಿಯ ಬೀಟಾಮೆಥಾಸೋನ್ ಔಷಧವನ್ನು ಪರೀಕ್ಷಿಸಿ 1972ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಔಷಧ ಪಡೆಯದ ತಾಯಂದಿರ ಶಿಶುಗಳಲ್ಲಿ ನೂರಕ್ಕೆ 25.8 ಮಂದಿಗೆ ಉಸಿರಾಟದ ತೊಂದರೆ ಬಂದರೆ, ಪಡೆದವರ ಶಿಶುಗಳಲ್ಲಿ ಅದು ನೂರಕ್ಕೆ 9 ಮಾತ್ರ. ಹೆರಿಗೆಯ ಗಡಿಯಾರವನ್ನು ಅರಸಿ ಹೊರಟವರ ಕೈಗೆ ಶಿಶುವಿನ ಉಸಿರನ್ನು ಉಳಿಸುವ ಔಷಧ ದೊರೆಯಿತು. ಆದರೂ ಅದು ಎಲ್ಲೆಡೆ ಬಳಕೆಗೆ ಬರಲು ಇನ್ನೂ ಎರಡು ದಶಕಗಳು ಬೇಕಾದವು ಎಂಬುದು ವಿಷಾದದ ಸಂಗತಿ.

ಗಡಿಯಾರದ ಹುಡುಕಾಟ ಅಲ್ಲಿಗೆ ನಿಲ್ಲಲಿಲ್ಲ. ನಮ್ಮ ಮೆದುಳು ಒತ್ತಡದ ಸಮಯದಲ್ಲಿ ಹೊರಡಿಸುವ ಸಿ.ಆರ್.ಎಚ್. ಎಂಬ ಹಾರ್ಮೋನನ್ನು 1981ರಲ್ಲಿ ಅಮೆರಿಕದ ವೈಲೀ ವೇಲ್ ಮತ್ತು ಸಂಗಡಿಗರು ಗುರುತಿಸಿದ್ದರು. ಮನುಷ್ಯರ ಮಾಸು ಕೂಡ ಇದನ್ನು ತಯಾರಿಸುತ್ತದೆ. ತಾಯಿಯ ರಕ್ತದಲ್ಲಿ ಇದರ ಪ್ರಮಾಣ ವಾರದಿಂದ ವಾರಕ್ಕೆ ಏರುತ್ತ, ಹೆರಿಗೆ ಹತ್ತಿರವಾದಂತೆ ಬಹು ವೇಗವಾಗಿ ಮೇಲಕ್ಕೆ ಹೋಗುತ್ತದೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ನಗರದಲ್ಲಿ ರೋಜರ್ ಸ್ಮಿತ್ ಮತ್ತು ಸಂಗಡಿಗರು ಗರ್ಭಿಣಿಯರ ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಿ 1995ರಲ್ಲಿ ಒಂದು ಮಹತ್ವದ ಸಂಗತಿಯನ್ನು ಹೊರಗೆಡಹಿದರು. ಮುಂದೆ ಅವಧಿಗೆ ಮೊದಲೇ ಹೆತ್ತವರಲ್ಲಿ ಈ ಹಾರ್ಮೋನು ನಾಲ್ಕೈದು ತಿಂಗಳ ಬಸಿರಿನಲ್ಲಿಯೇ ಉಳಿದವರಿಗಿಂತ ಹೆಚ್ಚಾಗಿತ್ತು. ದಿನ ಮೀರಿ ಹೆತ್ತವರಲ್ಲಿ ಕಡಿಮೆಯಾಗಿತ್ತು. ಮಾಸಿನೊಳಗೆ ಒಂದು ಗಡಿಯಾರವಿದೆ, ಅದು ಬಸಿರಿನ ಮೊದಲ ಭಾಗದಿಂದಲೇ ನಡೆಯುತ್ತಿರುತ್ತದೆ ಎಂಬ ಅವರ ಮಾತು ಲೋಕದ ಗಮನ ಸೆಳೆಯಿತು.

ಅದೇ ಕಾಲದಲ್ಲಿ ಈಸ್ಟ್ರಿಯೋಲ್ ಎಂಬ ಇನ್ನೊಂದು ಹಾರ್ಮೋನಿನ ಮೇಲೂ ದೃಷ್ಟಿ ಹರಿಯಿತು. ಇದನ್ನು ತಾಯಿಯೊಬ್ಬಳೇ ತಯಾರಿಸಲಾರಳು. ಗರ್ಭದ ಶಿಶುವಿನ ಅಡ್ರೀನಲ್ ಗ್ರಂಥಿ ಕಚ್ಚಾ ಸಾಮಗ್ರಿಯನ್ನು ಒದಗಿಸುತ್ತದೆ, ಮಾಸು ಅದನ್ನು ಸಿದ್ಧಪದಾರ್ಥವನ್ನಾಗಿ ಮಾಡುತ್ತದೆ. ಹೆರಿಗೆಗೆ ಎರಡು ಮೂರು ವಾರಗಳಿರುವಾಗ ಇದು ಜಿಗಿದಂತೆ ಏರುತ್ತದೆ, ತಾಯಿಯ ಜೊಲ್ಲಿನಲ್ಲಿಯೇ ಇದನ್ನು ಅಳೆಯಬಹುದು. ಜೊಲ್ಲಿನ ಈ ಪರೀಕ್ಷೆಗೆ 1998ರಲ್ಲಿ ಅಮೆರಿಕ ಸರ್ಕಾರದ ಔಷಧ ಇಲಾಖೆಯ ಒಪ್ಪಿಗೆಯೂ ದೊರೆಯಿತು.

ಇಷ್ಟೆಲ್ಲ ಇದ್ದೂ ಇಂದು ಆಸ್ಪತ್ರೆಗೆ ಹೋದ ಗರ್ಭಿಣಿಗೆ ವೈದ್ಯರು ಈ ಪರೀಕ್ಷೆಗಳನ್ನು ಬರೆದುಕೊಡುವುದಿಲ್ಲ. ಏಕೆ? ಒಂದು ಲೆಕ್ಕದಿಂದ ಇದನ್ನು ತಿಳಿಯಬಹುದು. ಇದು ವಿವರಣೆಗಾಗಿ ನಾವು ಕಲ್ಪಿಸಿಕೊಂಡ ಲೆಕ್ಕವೇ ಹೊರತು ಯಾವ ಆಸ್ಪತ್ರೆಯ ಅಂಕಿಯೂ ಅಲ್ಲ. ಸಾವಿರ ಗರ್ಭಿಣಿಯರಲ್ಲಿ ನೂರು ಮಂದಿ ಅವಧಿಗೆ ಮೊದಲು ಹೆರುವವರೆಂದು ಇಟ್ಟುಕೊಳ್ಳಿ. ಪರೀಕ್ಷೆಯೊಂದು ಆ ನೂರರಲ್ಲಿ 60 ಮಂದಿಯನ್ನು ಸರಿಯಾಗಿ ಗುರುತಿಸುತ್ತದೆ. ಉಳಿದ 900 ಮಂದಿಯಲ್ಲಿ ಐವರಿಗೊಬ್ಬರಂತೆ 180 ಮಂದಿಯನ್ನು ತಪ್ಪಾಗಿ ಎಚ್ಚರಿಸುತ್ತದೆ. ಒಟ್ಟು 240 ಮಂದಿಗೆ ‘ಅಪಾಯವಿದೆ’ ಎಂಬ ಚೀಟಿ ಸಿಕ್ಕಿತು. ಅವರಲ್ಲಿ ನಿಜವಾಗಿ ಅಪಾಯವಿದ್ದವರು ನಾಲ್ವರಲ್ಲಿ ಒಬ್ಬರು. ಮೂವರು ವ್ಯರ್ಥವಾಗಿ ಹೆದರಿದರು. ಇತ್ತ ‘ಭಯವಿಲ್ಲ’ ಎಂಬ ಚೀಟಿ ಹಿಡಿದು ಮನೆಗೆ ಹೋದವರಲ್ಲಿ 40 ಮಂದಿ ಅವಧಿಗೆ ಮೊದಲೇ ಹೆತ್ತರು. ಸರಾಸರಿಯಲ್ಲಿ ಸತ್ಯವಾದುದು ಒಬ್ಬೊಬ್ಬ ತಾಯಿಯ ವಿಷಯದಲ್ಲಿ ಭವಿಷ್ಯವಾಣಿಯಾಗುವುದಿಲ್ಲ.

ಇದಕ್ಕೆ ಇನ್ನೂ ಎರಡು ಕಾರಣಗಳಿವೆ. ಅವಧಿಪೂರ್ವ ಹೆರಿಗೆ ಒಂದೇ ರೋಗವಲ್ಲ. ಸೋಂಕು, ಅವಳಿ ಮಕ್ಕಳು, ಗರ್ಭಕಂಠದ ದೌರ್ಬಲ್ಯ, ರಕ್ತಸ್ರಾವ, ರಕ್ತದೊತ್ತಡ ಹೀಗೆ ಹಲವು ದಾರಿಗಳು ಅದೇ ಬಾಗಿಲಿಗೆ ಬಂದು ಸೇರುತ್ತವೆ. ಒಂದು ದಾರಿಯನ್ನು ಕಾಯುವ ಹಾರ್ಮೋನು ಉಳಿದ ದಾರಿಗಳ ಸುದ್ದಿಯನ್ನು ಹೇಳಲಾರದು. ಎರಡನೆಯದಾಗಿ, ವಾರದಿಂದ ವಾರಕ್ಕೆ ಏರುವ ಹಾರ್ಮೋನಿನ ಅಂಕಿಗೆ ಅರ್ಥ ಬರಬೇಕಾದರೆ ಬಸಿರು ಎಷ್ಟನೆಯ ವಾರದ್ದೆಂದು ಖಚಿತವಾಗಿ ಗೊತ್ತಿರಬೇಕು. ದಿನದ ಲೆಕ್ಕವೇ ತಪ್ಪಿದ್ದರೆ ಸಹಜವಾದ ಅಂಕಿಯೂ ಅಪಾಯದಂತೆ ಕಾಣುತ್ತದೆ.

ಹಾರ್ಮೋನನ್ನು ಔಷಧವಾಗಿ ಕೊಡುವ ವಿಷಯದಲ್ಲಿಯೂ ಇಂಥದೇ ಪಾಠವಿದೆ. ಪ್ರೊಜೆಸ್ಟೆರೋನಿಗೆ ಹೋಲುವ ಒಂದು ಚುಚ್ಚುಮದ್ದನ್ನು, ಹಿಂದೊಮ್ಮೆ ಅವಧಿಗೆ ಮೊದಲೇ ಹೆತ್ತಿದ್ದ ತಾಯಂದಿರಿಗೆ ವಾರಕ್ಕೊಮ್ಮೆ ಕೊಟ್ಟರೆ ಲಾಭವಾಗುತ್ತದೆಂದು 2003ರಲ್ಲಿ ಅಮೆರಿಕದ ಅಧ್ಯಯನವೊಂದು ತಿಳಿಸಿತು. 2011ರಲ್ಲಿ ಅಲ್ಲಿ ಅದಕ್ಕೆ ಅನುಮತಿ ದೊರೆಯಿತು. ಅನಂತರ ನಡೆದ ಇನ್ನೂ ದೊಡ್ಡ ಅಧ್ಯಯನದಲ್ಲಿ ಲಾಭ ಕಂಡುಬರಲಿಲ್ಲ. 2023ರ ಏಪ್ರಿಲಿನಲ್ಲಿ ಆ ಅನುಮತಿಯನ್ನು ಹಿಂತೆಗೆದುಕೊಂಡರು. ಇದರಿಂದ ವಿಜ್ಞಾನದ ಮಾನ ಹೋಯಿತೆಂದು ನಾವು ಎಣಿಸಬೇಕಾಗಿಲ್ಲ. ತಾನು ಕೊಟ್ಟ ಆಶ್ವಾಸನೆಯನ್ನು ತಾನೇ ಮರಳಿ ಪರೀಕ್ಷಿಸುವ ವಿದ್ಯೆಯನ್ನು ನಂಬಬಹುದು.

ಹಾಗಾದರೆ ಯಾವುದೂ ಗೊತ್ತಾಗುವುದಿಲ್ಲವೇ? ಸ್ವಲ್ಪಮಟ್ಟಿಗೆ ಗೊತ್ತಾಗುತ್ತದೆ. ಸ್ಕ್ಯಾನಿಂಗ್ ಮೂಲಕ ಗರ್ಭಕಂಠದ ಉದ್ದವನ್ನು ಅಳೆದಾಗ, 24 ವಾರಗಳೊಳಗೆ ಅದು 25 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅಪಾಯ ಹೆಚ್ಚು. ಲಂಡನ್ನಿನಲ್ಲಿ ಕೇಂದ್ರೀಕೃತವಾಗಿದ್ದ, 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಂಠವು 15 ಮಿಲಿಮೀಟರ್ ಅಥವಾ ಅದಕ್ಕೂ ಗಿಡ್ಡವಾಗಿದ್ದ 250 ತಾಯಂದಿರನ್ನು ಆರಿಸಲಾಯಿತು. ಯೋನಿಮಾರ್ಗವಾಗಿ ಪ್ರೊಜೆಸ್ಟೆರೋನ್ ಪಡೆದವರಲ್ಲಿ ನೂರಕ್ಕೆ 19.2 ಮಂದಿ 34 ವಾರಗಳೊಳಗೆ ಹೆತ್ತರೆ, ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಅದು 34.4 ಆಗಿತ್ತು. ಇಲ್ಲೊಂದು ಸ್ವಾರಸ್ಯವಿದೆ. ಕೊಟ್ಟದ್ದು ಹಾರ್ಮೋನು, ಆದರೆ ಯಾರಿಗೆ ಕೊಡಬೇಕೆಂದು ತಿಳಿಸಿದ್ದು ರಕ್ತದಲ್ಲಿನ ಹಾರ್ಮೋನಿನ ಅಂಕಿಯಲ್ಲ, ಕಂಠದ ಅಳತೆ.

ಮುನ್ಸೂಚನೆ ಸರಿಯಾಗಿರುವುದು ಏಕೆ ಮುಖ್ಯವೆಂಬುದಕ್ಕೆ ನಮ್ಮ ಕರ್ನಾಟಕಕ್ಕೂ ಸಂಬಂಧಿಸಿದ ಎರಡು ನಿದರ್ಶನಗಳಿವೆ. ಲಿಗ್ಗಿನ್ಸರ ಮಾರ್ಗದ ಔಷಧವನ್ನು ಹಳ್ಳಿಗಳ ಮಟ್ಟದಲ್ಲಿಯೇ ವಿಸ್ತಾರವಾಗಿ ಕೊಡುವ ಪ್ರಯೋಗವೊಂದು ಬೆಳಗಾವಿಯೂ ಸೇರಿದಂತೆ ಆರು ದೇಶಗಳ ಪ್ರದೇಶಗಳಲ್ಲಿ ನಡೆದು, 2015ರಲ್ಲಿ ಅದರ ಫಲಿತಾಂಶ ಬಂದಿತು. ಎಲ್ಲರೂ ಚಕಿತರಾದರು, ಒಟ್ಟಾರೆ ಶಿಶುಮರಣ ಕಡಿಮೆಯಾಗುವ ಬದಲು ಸ್ವಲ್ಪ ಹೆಚ್ಚಾಗಿತ್ತು. ದಿನದ ಲೆಕ್ಕ ಖಚಿತವಿಲ್ಲದೆ, ಅವಧಿಗೆ ಮೊದಲು ಹೆರದ ಅನೇಕ ತಾಯಂದಿರಿಗೂ ಔಷಧ ಸಂದಿತ್ತು. ಅನಂತರ ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ, ಸ್ಕ್ಯಾನಿಂಗಿನಿಂದ ವಾರವನ್ನು ಖಚಿತಪಡಿಸಿಕೊಂಡು, 2852 ತಾಯಂದಿರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಪರೀಕ್ಷೆ ನಡೆಸಿತು. ಬೆಳಗಾವಿಯ ವೈದ್ಯರು ಇದರಲ್ಲಿಯೂ ಪಾಲುಗೊಂಡರು. 2020ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ ಶಿಶುಗಳ ಸಾವು ನೂರಕ್ಕೆ 23.5ರಿಂದ 19.6ಕ್ಕೆ ಇಳಿದಿತ್ತು. ಔಷಧ ಒಂದೇ ಜಾತಿಯದು. ಸರಿಯಾದ ವಾರದಲ್ಲಿ, ಸರಿಯಾದ ತಾಯಿಗೆ, ಶಿಶುವಿನ ಆರೈಕೆಗೆ ಅನುಕೂಲವಿರುವ ಆಸ್ಪತ್ರೆಯಲ್ಲಿ ಕೊಟ್ಟಾಗ ಅದು ಜೀವ ಉಳಿಸಿತು.

ಆದುದರಿಂದ ನಮ್ಮ ಮನೆಗಳಲ್ಲಿ ಆಗಬೇಕಾದ ಮೊದಲ ಕೆಲಸ ಅತ್ಯಂತ ಸರಳವಾದುದು. ಕೊನೆಯ ಮುಟ್ಟಿನ ದಿನಾಂಕವನ್ನು ಬರೆದಿಡಿ. ಮೊದಲ ಮೂರು ತಿಂಗಳೊಳಗೆ ಒಮ್ಮೆ ಸ್ಕ್ಯಾನ್ ಮಾಡಿಸಿ ದಿನವನ್ನು ಖಚಿತಪಡಿಸಿಕೊಳ್ಳಿ. ತಾಯಿ ಕಾರ್ಡನ್ನು ಜೋಪಾನವಾಗಿಡಿ. ಪಾಶ್ಚಾತ್ಯ ಸ್ತ್ರೀಯರ ಅಳತೆಗಳಿಂದ ಮಾಡಿದ ಸೂತ್ರಗಳು ನಮ್ಮ ದೇಶದವರಿಗೆ ಪೂರ್ತಿ ಹೊಂದುವುದಿಲ್ಲವೆಂದು, ಗುರುಗ್ರಾಮದ ಆಸ್ಪತ್ರೆಯ ಗರ್ಭಿಣಿಯರ ಮಾಹಿತಿಯನ್ನಾಧರಿಸಿ ಮದರಾಸಿನ ಐ.ಐ.ಟಿ.ಯವರೂ ಸಂಗಡಿಗರೂ 2024ರಲ್ಲಿ ಭಾರತೀಯರಿಗಾಗಿಯೇ ಒಂದು ಸೂತ್ರವನ್ನು ಸಿದ್ಧಪಡಿಸಿದ್ದಾರೆ. ದಿನದ ಲೆಕ್ಕಕ್ಕೆ ಎಷ್ಟು ಬೆಲೆಯಿದೆಯೆಂದು ಇದರಿಂದ ತಿಳಿಯಬಹುದು.

ಎರಡನೆಯದು, ಲಕ್ಷಣಗಳನ್ನು ಅಲಕ್ಷಿಸಬಾರದು. 37 ವಾರಗಳು ತುಂಬುವ ಮುನ್ನ ಹೊಟ್ಟೆ ಮತ್ತೆ ಮತ್ತೆ ಬಿಗಿಯುವುದು, ಸೊಂಟದ ಕೆಳಭಾಗದಲ್ಲಿ ಬಿಡದ ನೋವು, ನೀರು ಹೋಗುವುದು, ರಕ್ತ ಕಾಣುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ ‘ಬೆಳಗಾಗಲಿ ನೋಡೋಣ’ ಎನ್ನದೆ ಹೊರಡಬೇಕು. ಶಿಶುವಿನ ಶ್ವಾಸಕೋಶಕ್ಕಾಗಿ ಕೊಡುವ ಚುಚ್ಚುಮದ್ದು ಪೂರ್ತಿ ಫಲ ಕೊಡಲು ಸುಮಾರು ಒಂದು ದಿನ ಬೇಕು. ಮನೆಯಲ್ಲಿ ಕಳೆದ ಒಂದು ರಾತ್ರಿಯ ಬೆಲೆ ಅಷ್ಟಿದೆ. ಹಿಂದೆ ಒಮ್ಮೆ ಅವಧಿಗೆ ಮೊದಲು ಹೆತ್ತವರು, ಅವಳಿ ಬಸಿರಿನವರು, ರಕ್ತದೊತ್ತಡವುಳ್ಳವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಮೂರನೆಯದು, ಹುಟ್ಟಿದ ಮೇಲಿನ ಆರೈಕೆ. ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1978ರಲ್ಲಿ, ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ ಹೋದಾಗ, ಎಡ್ಗರ್ ರೇ ಎಂಬ ವೈದ್ಯರು ಚಿಕ್ಕ ಶಿಶುವನ್ನು ತಾಯಿಯ ಎದೆಯ ಚರ್ಮಕ್ಕೆ ತಾಗಿಸಿ ಕಟ್ಟಿಕೊಳ್ಳುವ ಪದ್ಧತಿಯನ್ನು ಆರಂಭಿಸಿದರು. ಇದೇ ಕಾಂಗರೂ ಆರೈಕೆ. ಭಾರತ ಮತ್ತು ಆಫ್ರಿಕದ ನಾಲ್ಕು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1 ಕಿಲೋದಿಂದ 1.8 ಕಿಲೋವರೆಗಿನ ತೂಕದ ಶಿಶುಗಳಿಗೆ ಹುಟ್ಟಿದೊಡನೆಯೇ ಈ ಆರೈಕೆ ಕೊಟ್ಟಾಗ ಮೊದಲ 28 ದಿನಗಳ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ತಾಯಿಗೆ ಆಯಾಸವಾದರೆ ತಂದೆಯೂ ಅಜ್ಜಿಯೂ ಮಗುವನ್ನು ಎದೆಗೆ ಕಟ್ಟಿಕೊಳ್ಳಬಹುದು. ಗಂಡಸರು ನಾಚಿಕೊಳ್ಳಬೇಕಾದ ಕೆಲಸ ಇದಲ್ಲ.

ಕೊನೆಯದಾಗಿ ಅತ್ತೆಯಂದಿರಿಗೂ ಗಂಡಂದಿರಿಗೂ ನಮ್ಮದೊಂದು ಮಾತು. ಇಷ್ಟು ದೇಶಗಳ ವಿಜ್ಞಾನಿಗಳು ದಶಕಗಳ ಕಾಲ ರಕ್ತವನ್ನೂ ಜೊಲ್ಲನ್ನೂ ಅಳೆದು, ಈ ತಾಯಿ ಇಂಥ ದಿನ ಹೆರುತ್ತಾಳೆಂದು ಮುಂಚಿತವಾಗಿ ಹೇಳಲಾಗದೆ ಕುಳಿತಿದ್ದಾರೆ. ಹೀಗಿರುವಾಗ, ಮಗುವನ್ನು ಕಳೆದುಕೊಂಡ ಸೊಸೆಯನ್ನು ಕುರಿತು ‘ನೀನು ಅದನ್ನು ತಿಂದೆ, ಇಲ್ಲಿಗೆ ಹೋದೆ, ಚಿಂತೆ ಮಾಡಿದೆ, ಅದಕ್ಕೇ ಹೀಗಾಯಿತು’ ಎಂದು ತೀರ್ಪು ಕೊಡುವ ಜ್ಞಾನ ನಮಗೆಲ್ಲಿಂದ ಬಂದಿತು? ಒತ್ತಡದ ಹಾರ್ಮೋನಿನ ಹೆಸರನ್ನು ಕೇಳಿದವರು ಅದನ್ನು ತಾಯಿಯ ಮೇಲೆ ಹೊರಿಸುವ ಹೊಸ ದೋಷಾರೋಪವನ್ನಾಗಿ ಮಾಡಿಕೊಳ್ಳಬಾರದೆಂದು ಪ್ರಾರ್ಥಿಸುತ್ತೇವೆ. ಗರ್ಭಿಣಿಗೆ ವಿಶ್ರಾಂತಿ ಬೇಕು, ಪೌಷ್ಟಿಕ ಆಹಾರ ಬೇಕು, ಹೊಗೆಸೊಪ್ಪಿನಿಂದ ದೂರವಿರಬೇಕು, ಒಂದು ಬಸಿರಿಗೂ ಮತ್ತೊಂದಕ್ಕೂ ನಡುವೆ ಸಾಕಷ್ಟು ಅಂತರ ಬೇಕು. ಇವು ಅವಳೊಬ್ಬಳ ಹೊಣೆಯಲ್ಲ, ಇಡೀ ಮನೆಯ ಹೊಣೆ.

ಮರಿಯಮ್ಮನವರು ಬೆಟ್ಟದ ಸೀಮೆಗೆ ಹೋಗಿ ಬಸುರಿಯಾಗಿದ್ದ ಎಲಿಜಬೇತಳೊಡನೆ ಸುಮಾರು ಮೂರು ತಿಂಗಳಿದ್ದರೆಂದು ಶುಭಸಂದೇಶದಲ್ಲಿ ಓದುತ್ತೇವೆ. ಮಾತೆಯರ ಕೂಟಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ನಮ್ಮ ಧರ್ಮಕೇಂದ್ರದ ಒಂದೊಂದು ಬೀದಿಯಲ್ಲಿಯೂ ಇರುವ ಗರ್ಭಿಣಿಯರ ಹೆಸರು, ಅವರ ದಿನದ ಲೆಕ್ಕ, ರಾತ್ರಿಯ ವೇಳೆ ಕರೆದರೆ ಬರುವ ವಾಹನ ಯಾವುದು ಎಂಬ ವಿವರ ಈ ಕೂಟದವರ ಬಳಿ ಇರಲಿ. ಯಾವ ಮತದವರ ಮನೆಯಾದರೂ ಸರಿಯೇ, ಕೇಳಿದವರಿಗೆ ನೆರವಾಗಿರಿ. ನೂರೊಂದನೆಯ ವರ್ಷದ ಮೊದಲ ಕೆಲಸವಾಗಿ ಇದನ್ನು ಕೈಗೊಳ್ಳಬೇಕೆಂದು ಕೋರುತ್ತೇವೆ.